ಹತ್ತು ಅಡಿ ದೂರ

ನಮ್ಮ ಮನೆಯ ಗೋಡೆಯ ಮೊಳೆಗೆ ಒಂದು ಕ್ಯಾಮೆರಾ ನೇತಾಡುತ್ತಿದೆ. ಕರಿಯ ಪ್ಲಾಸ್ಟಿಕ್ಕಿನ ಡಬ್ಬಿ. ಆಗ್ಫಾ ಕ್ಲಿಕ್ 3. ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನವರು ಮಾಡಿದ್ದು. ಒಂದು ಕಾಲಕ್ಕೆ ಈ ದೇಶದ ಎಷ್ಟೋ ಮನೆಗಳ ಮದುವೆ, ಜಾತ್ರೆ, ಪ್ರವಾಸಗಳನ್ನು ನುಂಗಿದ ಅಗ್ಗದ ಕ್ಯಾಮೆರಾ. ಅಗ್ಗ ಅಂದರೆ ಕೊಳ್ಳುವವರಿಗೆ ಅಗ್ಗ. ನಮಗಲ್ಲ.

ಆರ್.ಟಿ. ನಗರ ಕವಿಯ ಹೆಸರಿನ ಬಡಾವಣೆ. ರವೀಂದ್ರನಾಥ ಟ್ಯಾಗೋರರದು. ಅದರ ಬೀದಿಗಳನ್ನು ನಮ್ಮ ತಾತ ಗುಡಿಸಿದ. ಅಲ್ಲಿನ ಒಂದು ಮನೆಯ ಅಂಗಳ, ಬಚ್ಚಲು ನಮ್ಮಜ್ಜಿ ತೊಳೆದಳು. ಅವರ ಮೊಮ್ಮಕ್ಕಳಾದ ನಾವು ಈಗ ನಾಲ್ಕು ಪದ್ಯ ಬರೆಯುತ್ತೇವೆ.

1986ರ ದೀಪಾವಳಿಗೆ ಆ ಮನೆಯವರು ಇನಾಮಿನ ಬದಲು ಈ ಹಳೇ ಕ್ಯಾಮೆರಾ ಕೊಟ್ಟರು. ಕೊಟ್ಟರು ಅಂದರೆ, ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. "ತಗೊಂಡೋಗು" ಅಂದರು. ಸಂಬಳ ಬರುತ್ತಿದ್ದದ್ದೂ ಹಾಗೇ, ಮೆಟ್ಟಿಲ ಮೇಲೆ.

ಫಿಲ್ಮಿಗೆ ಕಾಸಿಲ್ಲ. ಎರಡು ವರ್ಷ ಅಪ್ಪ ಖಾಲಿ ಕ್ಯಾಮೆರಾವನ್ನೇ ಒತ್ತಿದ. ಕೇರಿಯ ಹುಡುಗರು ತಲೆ ಬಾಚಿಕೊಂಡು ಬಂದು ನಿಂತವು. ಕ್ಲಿಕ್. "ಪಟ ಎಲ್ಲಣ್ಣೋ?" "ತೊಳೆಯಾಕ್ ಕೊಟ್ಟಿವ್ನಿ ಕಣ್ರೋ." ಈ ಸುಳ್ಳನ್ನು ಅಪ್ಪ ಇವತ್ತಿಗೂ ನಗುತ್ತಾ ಹೇಳುತ್ತಾನೆ. ನಮಗೆ ನಗು ಬರುವುದಿಲ್ಲ.

1988ರಲ್ಲಿ ಒಂದು ರೋಲು ಬಂತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮು, ಕಪ್ಪು ಬಿಳುಪು. ಆ ಸರ್ಕಾರಿ ಕಾರ್ಖಾನೆಯೂ ಈಗ ಮುಚ್ಚಿದೆ. 120ರ ರೋಲಿಗೆ ಹನ್ನೆರಡೇ ಚಿತ್ರ, ಒಂದೊಂದೂ ಆರು ಸೆಂಟಿಮೀಟರಿನ ಚೌಕ. ಬೆನ್ನಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಕಾಣುವ ತನಕ ತಿರುಪು ತಿರುಗಿಸಬೇಕು. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಇಷ್ಟೇ ಅದರ ವಿದ್ಯೆ. ಇಡೀ ಕೇರಿಗೆ ಹನ್ನೆರಡು ಚಿತ್ರ. ಯಾರನ್ನು ತೆಗೆಯುವುದು, ಯಾರನ್ನು ಬಿಡುವುದು?

ಮೊದಲು ತಾತ. "ಹತ್ರ ಬಂದು ತೆಗೀಲಾ, ನನ್ ಮಕ ಕಾಣ್ಬೇಕು" ಅಂದ. ಅಪ್ಪ ಮೂರಡಿ ಹತ್ತಿರ ಹೋಗಿ ಒತ್ತಿದ. ತೊಳೆದು ಬಂದ ಚಿತ್ರದಲ್ಲಿ ಹಿಂದೆ ದೂರದಲ್ಲಿದ್ದ ಬಡಾವಣೆಯ ಮಹಡಿ ಮನೆಗಳು ಚೊಕ್ಕವಾಗಿ ಬಂದಿವೆ. ತಾತನ ಮುಖ ಮಾತ್ರ ಮಬ್ಬು. ಮರುವರ್ಷ ತಾತ ಸತ್ತ. ನಾವು ಕಂಡ ತಾತ ಆ ಮಬ್ಬು ಮಾತ್ರ.

ನಮ್ಮ ಮನೆಯ ಮೊದಲ ಡಿಗ್ರಿ ಓದುವಾಗ ನಮಗೆ ಕಾರಣ ತಿಳಿಯಿತು. ಈ ಕ್ಯಾಮೆರಾದ ಮಸೂರ ಹಿಂದೆ ಮುಂದೆ ಸರಿಯುವುದಿಲ್ಲ. ಕಾರ್ಖಾನೆಯಲ್ಲೇ ಒಂದು ದೂರಕ್ಕೆ ಕೂರಿಸಿಬಿಟ್ಟಿರುತ್ತಾರೆ. ಸುಮಾರು ಹತ್ತು ಅಡಿಯ ಆಚೆ ನಿಂತವರು ಸ್ಪಷ್ಟ. ಹತ್ತಿರ ಬಂದವರು ಕಲಸಿಹೋಗುತ್ತಾರೆ.

ಕ್ಯಾಮೆರಾ ಕೇಳುವ ದೂರಕ್ಕೆ ಮಸೂರದ ಕಾರಣವಿದೆ. ಆ ಮೆಟ್ಟಿಲಿನ ದೂರಕ್ಕೆ ಏನು ಕಾರಣವಿತ್ತು, ಹೇಳಿ ಗೆಳೆಯರೆ? ಮನುಷ್ಯನ ಕಣ್ಣಿನ ಮಸೂರ ಹತ್ತಿರದ್ದನ್ನು ನೋಡಲು ತಾನೇ ಉಬ್ಬಿಕೊಳ್ಳುತ್ತದೆ. ಈ ಡಬ್ಬಿಗೆ ಆಗದ್ದು ಕಣ್ಣಿಗೆ ಆಗುತ್ತದೆ. ಆದರೂ ಇಪ್ಪತ್ತು ವರ್ಷ ಬಚ್ಚಲು ತೊಳೆಸಿಕೊಂಡವರಿಗೆ ನಮ್ಮಜ್ಜಿಯ ಹೆಸರು ಗೊತ್ತಿರಲಿಲ್ಲ. ಆ ಕಣ್ಣುಗಳನ್ನು ಕೂರಿಸಿದ ಕಾರ್ಖಾನೆ ಯಾವುದು? ಅದಿನ್ನೂ ಬಾಗಿಲು ಮುಚ್ಚಿಲ್ಲ.

120ರ ಫಿಲ್ಮು ಈಗಲೂ ಸಿಗುತ್ತದೆ. ಒಂದು ರೋಲಿಗೆ ಅಮ್ಮನ ಒಂದು ದಿನದ ಕೂಲಿ ಸಾಲದು. ಆದರೂ ಹೋದ ವರ್ಷ ತಂದೆವು. ಅಜ್ಜಿಯನ್ನು ಬಾಗಿಲಲ್ಲಿ ಕೂರಿಸಿ, ಹಿಂದೆ ಹಿಂದೆ ಸರಿದೆವು.

"ಯಾಕ್ರೋ, ನೀವೂ ದೂರಾನೇ ನಿಂತ್ಕತೀರಾ?" ಅಂದಳು.

ಮಸೂರದ ಲೆಕ್ಕ ಹೇಳಿದೆವು. ಕೇಳಲಿಲ್ಲ.

"ಹಂಗಾರೆ ನಂಗ್ ಪಟಾನೇ ಬ್ಯಾಡ. ಬಂದ್ ಪಕ್ಕ ಕೂತ್ಕಳ್ಳಿ."

ಕೂತೆವು. ಪಕ್ಕದ ಮನೆಯ ಹುಡುಗ ಹತ್ತು ಅಡಿ ಆಚೆ ನಿಂತು ಒತ್ತಿದ. ಅಜ್ಜಿಯ ಮುಖದ ಗೆರೆಗಳೆಲ್ಲ ಬಂದಿವೆ. ಅವಳ ಕೈ ನಮ್ಮ ಹೆಗಲ ಮೇಲಿದೆ. ಆ ಚಿತ್ರವನ್ನು ತಾತನ ಮಬ್ಬಿನ ಪಕ್ಕದಲ್ಲೇ ತೂಗುಹಾಕಿದ್ದೇವೆ.