ಮಳೆಯಲ್ಲಿ ಗೋಪಾಲಸ್ವಾಮಿ ಬೆಟ್ಟ

ಮಳೆಗಾಲದಲ್ಲಿ ಸಂಸಾರಸಮೇತನಾಗಿ ಬೆಟ್ಟ ಹತ್ತಲು ಹೊರಡುವವನನ್ನು ಲೋಕವು ಕವಿಯೆಂದಾದರೂ ಕರೆಯುತ್ತದೆ, ಮೂರ್ಖನೆಂದಾದರೂ ಕರೆಯುತ್ತದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಎರಡೂ ಬಿರುದುಗಳು ಮನೆಯಲ್ಲಿಯೇ ದೊರೆತಿವೆ. ಆದರೆ ಆಷಾಢದ ಆ ಭಾನುವಾರ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟದ್ದು ನನ್ನ ತಪ್ಪಲ್ಲ. ಎಪ್ಪತ್ತು ಮುಟ್ಟಿದ ನನ್ನ ತಂದೆಯವರದು. 1966ರಲ್ಲಿ, ಹನ್ನೊಂದರ ಹುಡುಗನಾಗಿದ್ದಾಗ, ಅವರು ತಮ್ಮ ತಂದೆಯೊಡನೆ ಹಂಗಳದಿಂದ ಬುತ್ತಿ ಕಟ್ಟಿಕೊಂಡು ಆ ಬೆಟ್ಟವನ್ನು ನಡೆದೇ ಹತ್ತಿದ್ದರು. "ಮಕ್ಕಳಿಗೂ ತೋರಿಸಬೇಕು, ಈ ವರ್ಷವೇ ತೋರಿಸಬೇಕು" ಎಂದು ಹಟ ಹಿಡಿದರು. ಈ ವರ್ಷವೇ ಏಕೆಂದು ನಾನು ಕೇಳಲಿಲ್ಲ.

ಚಾಮರಾಜನಗರ ಬಿಡುವಾಗ ತುಂತುರು. ಗುಂಡ್ಲುಪೇಟೆ ದಾಟುವಾಗ ಜಡಿಮಳೆ. ಊಟಿ ರಸ್ತೆಯ ಇಕ್ಕೆಲದ ಹೊಲಗಳಲ್ಲಿ ಚೆಂಡುಹೂವು ನೀರು ಕುಡಿದು ತಲೆಬಾಗಿ ನಿಂತಿತ್ತು. ಹಂಗಳದಲ್ಲಿ ಬಲಕ್ಕೆ ಹೊರಳಿ ಬೆಟ್ಟದ ಬುಡ ಸೇರಿದೆವು. ತಂದೆಯವರು ಪಂಚೆ ಎತ್ತಿಕಟ್ಟಿ ನಡೆಯಲು ಸಿದ್ಧರಾದರು. ಕಾವಲುಗಾರನು ನಗುತ್ತ ತಡೆದನು. ಇದು ಬಂಡೀಪುರದ ಕಾಡು, ಹುಲಿ ಆನೆಗಳ ಸೀಮೆ. ಕಾಲ್ನಡಿಗೆಗೆ ಅಪ್ಪಣೆಯಿಲ್ಲ, ಸ್ವಂತ ವಾಹನಕ್ಕೂ ಇಲ್ಲ. ಸರ್ಕಾರಿ ಬಸ್ಸೇ ಗತಿ. ನ್ಯಾಯವೇ. 1941ರಲ್ಲಿ ಮೈಸೂರು ಮಹಾರಾಜರ ಆಳ್ವಿಕೆಯಲ್ಲಿ ಇಲ್ಲಿಯ ಕಾಡಿಗೆ ಈ ಬೆಟ್ಟದ ದೇವರ ಹೆಸರನ್ನೇ ಇಟ್ಟು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದರು. 1973ರಲ್ಲಿ ಹುಲಿ ಯೋಜನೆ ಬಂದಿತು. ಗೋವು ಕಾಯುವ ದೇವರ ಪಾಲಿಗೆ ಹುಲಿ ಕಾಯುವ ಕೆಲಸವೂ ಬಿದ್ದ ವಿನೋದವನ್ನು ನಾನು ವಿವರಿಸತೊಡಗಿದಾಗ ಮಕ್ಕಳು ಬಸ್ಸಿನ ಕಿಟಕಿಗಾಗಿ ಜಗಳವಾಡುತ್ತಿದ್ದರು.

ಹೀಗಾಗಿ ನಮ್ಮ ಪಾಲಿಗೆ ಉಳಿದ ಪಾದಯಾತ್ರೆಯೆಂದರೆ ಬಸ್ಸಿಳಿದು ಗುಡಿಯವರೆಗಿನ ಮೆಟ್ಟಿಲುಗಳು ಮಾತ್ರ. "ಜಾರುತ್ತದೆ, ಕೈ ಕೊಡಿ" ಎಂದೆ. "ನಿನಗೆ ನಡಿಗೆ ಕಲಿಸಿದವನು ನಾನು" ಎಂದು ಕೊಸರಿಕೊಂಡರು. ಆದರೆ ಅಷ್ಟು ಮಳೆಯಲ್ಲಿಯೂ ಕೊಡೆಯನ್ನು ಮಡಿಸಿ, ಅದರ ತುದಿಯಿಂದ ಒಂದೊಂದು ಮೆಟ್ಟಿಲನ್ನೂ ಮುಟ್ಟಿ, ನೆನೆಯುತ್ತಲೇ ಹತ್ತಿದರು.

1454 ಮೀಟರ್ ಎತ್ತರದ ಆ ನೆತ್ತಿಯ ಮೇಲೆ ಮಂಜಿನ ಹೊರತು ಏನೂ ಇರಲಿಲ್ಲ. ದರ್ಶನ ಮುಗಿಸಿ ಹೊರಗೆ ನಿಂತೆವು. ತಂದೆಯವರು ಕೊಡೆಯನ್ನೇ ನೀಡಿ ತೋರಿಸಿದರು: ಎದುರಿಗೆ ನೀಲಗಿರಿಯ ಸಾಲು, ಬಲಕ್ಕೆ ವಯನಾಡು, ಬೆನ್ನ ಹಿಂದೆ ಗುಂಡ್ಲುಪೇಟೆಯ ಬಯಲು, ಕೆಳಗೆ ಆನೆಗಳು ಮೇಯುವ ಹುಲ್ಲಿನ ಇಳಿಜಾರು.

"ಏನೂ ಕಾಣಿಸುತ್ತಿಲ್ಲವಲ್ಲ, ಅಜ್ಜ!" ಎಂದನು ಮಗ.

"ನನಗೆ ಕಾಣಿಸುತ್ತಿದೆ."

ಅಷ್ಟರಲ್ಲಿ ಗಾಳಿ ಬೀಸಿ ಮಂಜು ಸರಿಯಿತು. ಎಡಗಡೆಯ ಇಳಿಜಾರಿನಲ್ಲಿ ಒಂದು ಹೆಣ್ಣಾನೆ, ಅದರ ಕಾಲ ಸಂದಿಯಲ್ಲಿ ಮರಿ. ಮಕ್ಕಳು ಕೂಗಿಕೊಂಡರು. "ಅಜ್ಜ, ನೋಡಿದಿರಾ? ಎಷ್ಟಿವೆ ಹೇಳಿ!"

"ನೋಡಿದೆ, ನೋಡಿದೆ. ಐದಾರು ಇರಬೇಕು" ಎಂದರು ತಂದೆಯವರು, ವಯನಾಡಿನ ಕಡೆಗೆ ಮುಖಮಾಡಿ.

ಮಕ್ಕಳು ನಕ್ಕರು; ಅಜ್ಜನ ತಮಾಷೆಯೆಂದುಕೊಂಡರು. ನನ್ನಾಕೆ ನನ್ನತ್ತ ನೋಡಿದಳು. ಉಚ್ಚಾರಣೆ ತಿದ್ದುವ ನೆಪದಲ್ಲಿ ಅವರು ಆರು ತಿಂಗಳಿಂದ ದಿನಪತ್ರಿಕೆಯನ್ನು ಮೊಮ್ಮಗನಿಂದಲೇ ಓದಿಸುತ್ತಿದ್ದುದು ನೆನಪಾಯಿತು. ಅದನ್ನು ಸಹೋದ್ಯೋಗಿಗಳೆದುರು ನಾನು ಹೆಮ್ಮೆಯಿಂದ ಹೇಳಿಕೊಂಡದ್ದೂ ನೆನಪಾಯಿತು. ಮನೆಯಲ್ಲಿ ಇದ್ದೂ ನಾನು ನೋಡಿರಲಿಲ್ಲ.

ಮಂಜು ಮತ್ತೆ ಮುಚ್ಚಿತು. ಬಸ್ಸು ಕೂಗು ಹಾಕಿತು. ಇಳಿಯುವಾಗ ನಾನು ಏನನ್ನೂ ಹೇಳದೆ ಅವರ ಮೊಣಕೈ ಹಿಡಿದೆ. ಈ ಸಲ ಅವರು ಕೊಸರಿಕೊಳ್ಳಲಿಲ್ಲ. ನಾಲ್ಕು ಮೆಟ್ಟಿಲು ಇಳಿದ ಮೇಲೆ, "ಇನ್ನೆಷ್ಟಿವೆ?" ಎಂದು ಮೆಲ್ಲಗೆ ಕೇಳಿದರು.