ಮಲ್ಲಕಂಬದ ಸೀಸನ್ ಬರಾಕತ್ತೈತಿ, ತಾರೀಖು ಮಾತ್ರ ಬಂದಿಲ್ಲ



ಹೆಸರಿಗೆ ಎರಡನೇ ಎಡಿ ಹೊಡದು ಮುಗಿಸೀವಿ. ಹೂವು ಹಿಡಿಯಾಕತ್ತೈತಿ. ಹಳದಿ ರೋಗದ ಬಗ್ಗೆ ಹೋದ ವಾರ ಬರೆದಿದ್ದಕ್ಕ ಭಾಳ ಮಂದಿ ಫೋನ್ ಮಾಡೀರಿ, ಅದರ ಮುಂದಿನ ಭಾಗ ಬರೋ ವಾರ ಹಾಕ್ತೀನಿ. ಇವತ್ತಿಂದು ಬೆಳಿ ವಿಷಯ ಅಲ್ಲ, ಆದರ ಹೊಲಕ್ಕೂ ಇದಕ್ಕೂ ಸಂಬಂಧ ಐತಿ, ಓದ್ರಿ.

ಸಂತಿಗೆ ಲಕ್ಷ್ಮೇಶ್ವರಕ್ಕ ಹೋದಾಗ ಚಹಾದ ಅಂಗಡಿ ಮುಂದ ನಮ್ಮದೊಂದು ಗುಂಪು ಕೂಡತೈತಿ. ಎಲ್ಲಾರೂ ನನ್ನಂಗ ಹೊಲ ಮನಿ ಮಾಡೋರು. ಇಬ್ಬರು ಶಿರಹಟ್ಟಿ ಕಡೆಯವರು, ಒಬ್ಬ ಬೆಟಗೇರಿಯ ನೇಕಾರ. ಜುಲೈ ಬಂತಂದ್ರ ನಮ್ಮೊಳಗ ಮಳಿ ಮಾತು ಮುಗದ ಮ್ಯಾಲೆ ಬರೋ ಮಾತು ಒಂದ: "ಈ ಸಲ ಮಲ್ಲಕಂಬ ಎಲ್ಲಿ? ಯಾವಾಗ?" ಕ್ರಿಕೆಟ್ ನೋಡೋರು ಮನಿಗೊಬ್ಬರು ಇದ್ದಾರ, ಕುಸ್ತಿಗೆ ಜಾತ್ರಿಗೊಂದು ಕಣ ಐತಿ. ಮಲ್ಲಕಂಬದ ಅಭಿಮಾನಿಗಳು ಅಂದ್ರ ಬೆರಳಿನಾಗ ಎಣಿಸೋವಷ್ಟು. ಆದರ ಲಕ್ಷ್ಮೇಶ್ವರದ ಸುತ್ತಮುತ್ತ ಆ ಬೆರಳು ಸ್ವಲ್ಪ ಜಾಸ್ತಿ ಅದಾವ. ಇಲ್ಲಿ ಸಾಲಿ ಮಾಸ್ತರರು ಕಂಬ ಹುಗಿಸಿ ಹುಡುಗರನ್ನ ಹತ್ತಿಸಿದ್ದು ಇವತ್ತು ನಿನ್ನೆಯಿಂದಲ್ಲ.

ಮುಂಡರಗಿ ಕಡೆಯ ಗೆಳೆಯರೊಬ್ಬರು ಹಿಂದ ಕಮೆಂಟಿನಾಗ ಕೇಳಿದ್ರು: "ಕುಸ್ತಿ ಆದ್ರ ಬೆನ್ನು ಮಣ್ಣಿಗೆ ಹತ್ತಿತು, ಆಟ ಮುಗೀತು. ಇದರಾಗ ಗೆದ್ದಾವ ಯಾರು ಅಂತ ಹೆಂಗ ತಿಳೀಬೇಕು?" ಒಳ್ಳೇ ಪ್ರಶ್ನಿ. ಹೇಳ್ತೀನಿ.

ಕಂಬ ಅಂದ್ರ ಬೀಟಿ ಇಲ್ಲಾ ಸಾಗವಾನಿ ಕಟಗಿ, ಬುಡದಾಗ ದಪ್ಪ, ಮ್ಯಾಲ ಹೋದಂಗ ಸಣ್ಣ, ತುದಿಗೆ ಕುತಗಿ ಮತ್ತ ಗುಂಡಿನಂಥಾ ತಲಿ. ನೆಲದ ಮ್ಯಾಲ ಎಂಟೂವರಿ ಫೂಟಿನ ಸುಮಾರು ನಿಂತಿರತೈತಿ. ಹುಡುಗ ಓಡಿ ಬಂದು ಹಾರಿ ಹಿಡೀತಾನ. ಅಲ್ಲಿಂದ ಮುಂದ ಒಂದೂವರಿ ನಿಮಿಷ, ಅಷ್ಟ. ಅದರಾಗ ತೊಡಿ ಸಿಗಸಿ ತಲಿಕೆಳಗ ಜೋತು ಬೀಳಬೇಕು, ಬಗಲಾಗ ಕಂಬ ಹಿಡದು ಮೈ ಅಡ್ಡ ಚಾಚಬೇಕು, ತುದಿ ಮ್ಯಾಲ ಹೊಟ್ಟಿ ಊರಿ ಹದ್ದಿನಂಗ ಕೈ ಬಿಡಬೇಕು, ಕಡೀಕ ಪಲ್ಟಿ ಹೊಡದು ನೆಲಕ್ಕ ಬಂದು ಅಲುಗಾಡದ ನಿಲ್ಲಬೇಕು. ಪಟ್ಟುಗಳ ಹೆಸರು ಬಹಳಷ್ಟು ಮರಾಠಿ ಕಡೆಯಿಂದ ಬಂದಾವ. ದಸರಂಗ, ಬಗಲಿ, ಸೂಯಿದೋರಾ. ಸೂಯಿದೋರಾ ಅಂದ್ರ ಸೂಜಿ-ದಾರ. ಜೋಡಿಸಿದ ಕೈಯೊಳಗಿಂದ ಕಾಲು ಸೂಜಿಯಾಗ ದಾರ ಪೋಣಿಸಿದಂಗ ಹೊರಗ ಬರತಾವ. ಮೊದಲನೇ ಸಲ ನೋಡಿದಾವ ತನ್ನ ಕಣ್ಣು ತಾನ ಒರಸಿಕೋತಾನ. ಇದು ಹುಗಿದ ಕಂಬದ್ದಾಯ್ತು. ಹಗ್ಗದ ಮಲ್ಲಕಂಬ ಬ್ಯಾರೆ, ಸರಪಳಿಯಿಂದ ತೂಗಬಿಟ್ಟ ಕಂಬ ಬ್ಯಾರೆ. ತೂಗೋ ಕಂಬ ತಿರುಗತಿರತೈತಿ, ಅಲ್ಲಿ ಧೈರ್ಯಕ್ಕಿಂತ ಸಮಾಧಾನ ಹೆಚ್ಚ ಬೇಕು.

ತೀರ್ಪುಗಾರರು ಎರಡು ನೋಡ್ತಾರ. ಪಟ್ಟು ಎಷ್ಟು ಕಠಿಣ, ಮತ್ತ ಎಷ್ಟು ಚೊಕ್ಕ. ಕಠಿಣಕ್ಕ ಎ, ಬಿ, ಸಿ ಅಂತ ದರ್ಜೆ. ಮೊಣಕಾಲು ಮಡಚಿದ್ರ, ಬೆರಳು ಚಾಚದಿದ್ರ, ಇಳಿಯುವಾಗ ಹೆಜ್ಜಿ ತಪ್ಪಿದ್ರ ಅಂಕ ಕಡಿಮಿ. ನಮ್ಮ ಗುಂಪಿನ ಜಗಳ ಎಲ್ಲಾ ಇದರ ಮ್ಯಾಲನ. ಬೆಟಗೇರಿಯಾಂವ ಚೊಕ್ಕತನದ ಪಾರ್ಟಿ. "ಎಳಿ ಎಳಿ ಹೊಂದಿರಬೇಕು" ಅಂತಾನ, ಮಗ್ಗದ ಮುಂದ ಕುಂತ ಕಣ್ಣು ಅದು. ನಾನು ಕಠಿಣದ ಪಾರ್ಟಿ. ಸುಲಭದ ಪಟ್ಟು ಹತ್ತು ಚೊಕ್ಕ ಮಾಡೋದಕ್ಕಿಂತ ಕಠಿಣದ್ದು ಒಂದು ಮಾಡಾಕ ಹೋಗಿ ಜಾರಿದಾವ ನನಗ ದೊಡ್ಡಾಂವ. ಅಂಕ ಕೊಡೋರು ಅವನ ಕಡೆ ಇದ್ದಾರ, ಅದು ಬ್ಯಾರೆ ಮಾತು.

ಈ ಆಟ ಮಹಾರಾಷ್ಟ್ರದ್ದು ಅಂತ ಎಲ್ಲಾರೂ ಅಂತಾರ. ಇವತ್ತಿನ ರೂಪ ಕೊಟ್ಟಾವ ಪೇಶ್ವೆ ಕಾಲದ ಬಾಳಂಭಟ್ಟ ದಾದಾ ದೇವಧರ, ಅದು ಖರೇನ. ಆದರ ಮಲ್ಲರು ಕಂಬದ ಮ್ಯಾಲ ಸಾಧನಿ ಮಾಡೋ ಮಾತು ಅದಕ್ಕೂ ಭಾಳ ಹಿಂದ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥದಾಗ ಬರತೈತಿ. ಅದನ್ನ ಬರಸಿದಾವ ಕಲ್ಯಾಣದ ಚಾಲುಕ್ಯ ದೊರಿ ಮೂರನೇ ಸೋಮೇಶ್ವರ, 12ನೇ ಶತಮಾನದಾಗ. ಅವನ ಬಿರುದು ಏನು ಗೊತ್ತೇನ್ರಿ? ಭೂಲೋಕಮಲ್ಲ. ಆವಾಗ ನಮ್ಮ ಲಕ್ಷ್ಮೇಶ್ವರ ಪುಲಿಗೆರೆ ಆಗಿತ್ತು, ಗದಗ, ಲಕ್ಕುಂಡಿ ಎಲ್ಲಾ ಅವನ ಆಳ್ವಿಕಿ ಒಳಗ ಇದ್ವು. ಪುಣೆಯವರ ಜೋಡಿ ವಾದಕ್ಕ ಕುಂತಾಗ ಈ ಒಂದು ಮಾತು ಕಿಸೆದಾಗ ಇಟ್ಟುಕೊಂಡಿರ್ರಿ.

ಈಗ ಸೀಸನ್ ಮಾತಿಗೆ ಬರ್ತೀನಿ.

ನಾವು ಸಣ್ಣವರಿದ್ದಾಗ ಮಲ್ಲಕಂಬ ಅಂದ್ರ ದಸರಾ, ಉತ್ಸವ, ಮೆರವಣಿಗಿ. ನೋಡಿದ ಮಂದಿ ಚಪ್ಪಾಳಿ ಹೊಡದು ಮನಿಗೆ ಹೋಗೋದು. ಫೆಡರೇಶನ್ 1981ರಿಂದ ಐತಿ, ರಾಷ್ಟ್ರಮಟ್ಟದ ಸ್ಪರ್ಧೆನೂ ಆವಾಗಿಂದ ಅದಾವ. ಆದರ ಅಭಿಮಾನಿಗಳಿಗೆ ಹಸಿವು ಹುಟ್ಟಿದ್ದು 2019ರ ಫೆಬ್ರವರಿಯಾಗ, ಮುಂಬೈ ಶಿವಾಜಿ ಪಾರ್ಕಿನಾಗ ಮೊದಲನೇ ವಿಶ್ವ ಚಾಂಪಿಯನ್‌ಶಿಪ್ ಆದಾಗ. ಹೊರದೇಶದವರು ಬಂದು ಕಂಬ ಹತ್ತಿದ್ದನ್ನ ಫೋನಿನಾಗ ನೋಡಿ ನಮ್ಮ ಗುಂಪಿನ ಹಿರಿಯರೊಬ್ಬರು "ನಮ್ಮ ಔಡಲೆಣ್ಣಿ ಅವರ ಮೈಗೂ ಹತ್ತಿತಲ್ಲೋ" ಅಂದಿದ್ರು. ಆಮ್ಯಾಲ ಕೊರೊನಾ. ಎರಡನೇದು 2023ರಾಗ ಭೂತಾನದಾಗ ಆತು. ಇದರ ನಡುವೆ 2020ರ ದ್ರೋಣಾಚಾರ್ಯ ಪ್ರಶಸ್ತಿ ಉಜ್ಜಯಿನಿಯ ಕೋಚ್ ಯೋಗೇಶ್ ಮಾಳವೀಯ ಅವರಿಗೆ ಬಂತು, 2021ರ ಅರ್ಜುನ ಮುಂಬೈದ ಹಿಮಾನಿ ಪರಬ್ ಅವರಿಗೆ, ಮರುವರ್ಷದ್ದು ಸಾಗರ್ ಓವ್ಹಾಳಕರ್ ಅವರಿಗೆ. ಮುಂಬೈದ ಉದಯ ದೇಶಪಾಂಡೆ ಅವರಿಗೆ 2024ರಾಗ ಪದ್ಮಶ್ರೀ. ಇಷ್ಟು ಆದ ಮ್ಯಾಲೆ ನಾವು ಚಹಾದ ಅಂಗಡಿಯಾಗ ಸುಮ್ಮನ ಕೂಡೂದು ಸಾಧ್ಯ ಏನ್ರಿ?

2022ರ ಗುಜರಾತ ರಾಷ್ಟ್ರೀಯ ಕ್ರೀಡಾಕೂಟದಾಗ ಮಲ್ಲಕಂಬ ಮೊದಲನೇ ಸಲ ಸೇರಿತು. ಅಲ್ಲಿ ಹತ್ತು ವರ್ಷದ ಹುಡುಗ ಶೌರ್ಯಜಿತ್ ಖೈರೆ ಕಂಚು ಗೆದ್ದ. ಅವರಪ್ಪ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ಆ ವಿಡಿಯೋ ನಾವು ಎಷ್ಟು ಸಲ ನೋಡೀವಿ ಅಂತ ಲೆಕ್ಕ ಇಲ್ಲ. ಪೂರ್ತಿ ಒಂದೂವರಿ ನಿಮಿಷ ಯಾರೂ ಚಹಾ ಮುಟ್ಟಲಿಲ್ಲ.

ಆದರ ತಿಂಗಳುಗಳನ್ನ ನೋಡ್ರಿ ಈಗ. ಖೇಲೋ ಇಂಡಿಯಾ ಪಂಚಕುಲದ್ದು 2022ರ ಜೂನ್. ನಮ್ಮ ಕಡೆ ಬಿತ್ತಿಗಿ. ಗುಜರಾತದ್ದು ಅಕ್ಟೋಬರ್. ಶೇಂಗಾ ಕೀಳೋದು, ಕಡಲಿ-ಬಿಳಿಜೋಳ ಬಿತ್ತೋದು. ಮಧ್ಯಪ್ರದೇಶದ್ದು ಜನವರಿ-ಫೆಬ್ರವರಿ. ಮೆಣಸಿನಕಾಯಿ ಬಿಡಿಸೋದು. ಗೋವಾದ್ದು ಮತ್ತ ಅಕ್ಟೋಬರ್-ನವೆಂಬರ್. ಉತ್ತರಾಖಂಡದ್ದು 2025ರ ಜನವರಿ ಕಡೀಕ ಶುರುವಾಗಿ ಫೆಬ್ರವರಿತನಕ. ಬಿಹಾರದ ಖೇಲೋ ಇಂಡಿಯಾ ಮೇ. ಉತ್ತರಾಖಂಡದಾಗ ಮೊದಲು ಮಲ್ಲಕಂಬ ಬರೇ ಪ್ರದರ್ಶನ ಅಂದ್ರು, ಆಟ ಶುರು ಆಗೋ ಹೊತ್ತಿಗೆ ಪದಕದ ಆಟ ಮಾಡಿದ್ರು. ಮಾಡಿದ್ದು ಚಲೋ ಆತು. ಆದರ ಮಳಿ ಬಂದ ಮ್ಯಾಲೆ ಬೀಜ ಹುಡುಕಾಕ ಹೋದಂಗಲ್ಲ ಇದು?

ಇದಕ್ಕ ಎದುರು ಒಂದು ಮಾತು ಹೇಳ್ತೀನಿ. ನಮ್ಮ ತಮ್ಮನ ಮಗ ಕೆನಡಾದ ಸಾಸ್ಕಟೂನಿನಾಗ ಇದ್ದಾನ. ಅವನ ಮಗಳಿಗೆ ಐಸ್ ಮ್ಯಾಲ ಜಾರಿಕೋತ ಕುಣಿಯೋ ಆಟದ ಹುಚ್ಚು, ಫಿಗರ್ ಸ್ಕೇಟಿಂಗ್ ಅಂತಾರ. ಅದೂ ನಮ್ಮ ಮಲ್ಲಕಂಬದ ಅಣ್ಣತಮ್ಮನ. ಕೆಲವೇ ನಿಮಿಷದ ಆಟ, ಕಠಿಣಕ್ಕೊಂದು ಅಂಕ, ಚೊಕ್ಕತನಕ್ಕೊಂದು ಅಂಕ, ಆಮ್ಯಾಲ ನೋಡಿದವರ ಜಗಳ. ಅಮೆರಿಕದ ಇಲಿಯಾ ಮಾಲಿನಿನ್ ಅನ್ನೋ ಹುಡುಗ 2022ರಾಗ ಗಾಳಿಯಾಗ ನಾಲ್ಕೂವರಿ ಸುತ್ತು ತಿರುಗಿ ಇಳದ. ಸ್ಪರ್ಧೆಯಾಗ ಅಲ್ಲಿತನಕ ಯಾರೂ ಮಾಡಿರಲಿಲ್ಲ. ವಿಡಿಯೋ ಕಾಲ್‌ನಾಗ ಕೂಸು ಅದನ್ನ ತೋರಿಸಿದಾಗ ನಾನು ಅಂದೆ, ಇವ ನಮ್ಮ ಪಾರ್ಟಿ.

ಆ ಕೂಸಿಗೆ ಮೊದಲ ಎಲ್ಲಾ ಗೊತ್ತಿತ್ತು. ಅವರ ಗ್ರಾಂಡ್ ಪ್ರಿ ಅನ್ನೋ ಸರಣಿ ಪ್ರತಿ ವರ್ಷ ಅಕ್ಟೋಬರ್‌ನಾಗ ಶುರು, ಆರು ದೇಶದಾಗ ಆರು ಸ್ಪರ್ಧೆ, ಡಿಸೆಂಬರ್‌ನಾಗ ಫೈನಲ್. 2025ರ ಫೈನಲ್ ಜಪಾನಿನ ನಗೋಯಾದಾಗ ಇತ್ತು. ಯಾರು ಎಲ್ಲಿ ಆಡ್ತಾರ ಅನ್ನೋ ಯಾದಿ ಆ ವರ್ಷದ ಜೂನ್‌ನಾಗನ ಬಂದಿತ್ತು. ಕೆನಡಾದ್ದು 2025ರ ಅಕ್ಟೋಬರ್ 31ಕ್ಕ ಅವರ ಊರಾಗನ ಇತ್ತು, ಅಪ್ಪನ ಕಡೆಯಿಂದ ಟಿಕೆಟ್ ಮಾತು ತಗೊಂಡಿದ್ಲು. 2026ರ ಫೆಬ್ರವರಿಯಾಗ ಇಟಲಿಯ ಮಿಲಾನ್‌ನಾಗ ಚಳಿಗಾಲದ ಒಲಿಂಪಿಕ್ಸ್ ಇತ್ತು. ಅಷ್ಟೂ ದಿನ ಅಕಿ ಗೋಡಿ ಮ್ಯಾಲಿನ ಕ್ಯಾಲೆಂಡರಿನಾಗ ಗೆರಿ ಎಳದು ಇಟ್ಟಿದ್ಲು. ಇನ್ನೊಂದು ಕೇಳ್ರಿ: ದೊಡ್ಡವರ ಸ್ಪರ್ಧೆಗೆ ಕನಿಷ್ಠ ವಯಸ್ಸು 15ರಿಂದ 17ಕ್ಕ ಏರಿಸಬೇಕಂತ ಅವರ ಸಂಘ 2022ರಾಗ ನಿರ್ಧಾರ ಮಾಡಿತು. ಮರುದಿನನ ಜಾರಿ ಮಾಡಲಿಲ್ಲ. ವರ್ಷಕ್ಕ ಒಂದೊಂದು ಮೆಟ್ಟಲಾ ಏರಿಸಿ 2024-25ಕ್ಕ ಮುಟ್ಟಿಸಿದ್ರು. ಯಾವ ಹುಡುಗಿ ಎಷ್ಟು ವರ್ಷ ಕಾಯಬೇಕು ಅನ್ನೋದು ಮನಿಯವರಿಗೆ ಮೊದಲ ಗೊತ್ತಾತು.

ನಮ್ಮ ಓಣಿಯಾಗ ಒಬ್ಬಾಕಿ ಹುಡುಗಿ ಅದಾಳ. ಹೆಸರು ಬ್ಯಾಡ, ಓದಿ ಅಕಿ ಸಿಟ್ಟಾಗ್ತಾಳ. ಐದನೇತ್ತದಿಂದ ಹಗ್ಗ ಹತ್ತಾಕತ್ತಾಳ, ಈಗ ಪಿಯುಸಿ ಎರಡನೇ ವರ್ಷ. ಖೇಲೋ ಇಂಡಿಯಾ ಯೂತ್ ಗೇಮ್ಸ್ 18ರ ಒಳಗಿನವರಿಗೆ. ಅಕಿಗೆ ಇದ ಕಡೀ ವರ್ಷ. ಅವರಪ್ಪ ನಾಲ್ಕೆಕರೆ ಮಸಾರಿ ಹೊಲದಾಂವ, ಒಳ್ಳೇ ಮನುಷ್ಯಾ, ಮಗಳಿಗೆ ಬ್ಯಾಡ ಅಂದಾವ ಅಲ್ಲ. ಮೊನ್ನೆ ನನ್ನ ಹೊಲದ ಬದುವಿನ ಮ್ಯಾಲ ಕುಂತು ಕೇಳಿದ: "ಅಣ್ಣಾ, ಯಾವ ತಿಂಗಳು ಅಂತ ಹೇಳಿದ್ರ ಆ ತಿಂಗಳ ಕೂಲಿಗೆ ಮೊದಲ ಮಂದಿ ಹೇಳಿ ಇಡ್ತೀನಿ. ಹದಿನೈದು ದಿನ ಮುಂಚೆ ಫೋನ್ ಬಂದ್ರ ರೈಲ್ವೆ ಟಿಕೆಟೂ ಸಿಗೂದಿಲ್ಲ, ಆಳೂ ಸಿಗೂದಿಲ್ಲ. ಮಾರ್ಚಿಗೆ ಪರೀಕ್ಷಾ ಐತಿ. ಏನ್ ಮಾಡ್ಲಿ?" ಅವನು ರೊಕ್ಕ ಕೇಳಲಿಲ್ಲ, ಮೆಡಲ್ ಕೇಳಲಿಲ್ಲ. ತಿಂಗಳು ಕೇಳಿದ. ಅದನ್ನ ಹೇಳೋರು ನಮ್ಮ ನಡುವೆ ಯಾರೂ ಇಲ್ಲ.

ಹಿಂಗಾಗಿ ನಮ್ಮ ಗುಂಪು ಒಂದು ತೀರ್ಮಾನ ಮಾಡೀವಿ. ತಾರೀಖು ಬರೋತನಕ ಕುಂತು ಕಾಯೂದಲ್ಲ. ಹವಾಮಾನದವರು ಹೇಳಲಿ ಬಿಡಲಿ, ಮೃಗಶಿರಾಕ್ಕ ಕೂರಿಗಿ ತಯಾರ ಇಡ್ತೀವಲ್ಲ, ಹಂಗ. ಡಿಸೆಂಬರ್‌ದಿಂದ ಫೆಬ್ರವರಿತನಕ ಯಾವಾಗ ಕರೆ ಬಂದ್ರೂ ಆ ಮನಿಯ ಮೆಣಸಿನಕಾಯಿ ಬಿಡಿಸೋದನ್ನ ನಾವು ಐದು ಮನಿಯವರು ಮುಯ್ಯಾಳು ಮಾಡಿ ಮುಗಿಸಿಕೊಡ್ತೀವಿ. ನಮ್ಮ ಹೊಲಕ್ಕ ಅವರು ಆಮ್ಯಾಲ ಬರ್ತಾರ. ಇದರಾಗ ಉಪಕಾರ ಏನೂ ಇಲ್ಲ, ಮೊದಲಿಂದ ಇದ್ದ ಪದ್ಧತಿ.

ಇನ್ನ ಔಡಲದ ಮಾತು. ಕಂಬಕ್ಕ ಔಡಲೆಣ್ಣಿ ತೆಳ್ಳಗ ಹಚ್ಚತಾರ, ಇಲ್ಲಾಂದ್ರ ಕಟಗಿ ಉಜ್ಜಿ ತೊಡಿ, ಬಗಲು ಕೆತ್ತಿ ಹೋಗತೈತಿ. ಹೆಚ್ಚಾದ್ರ ಜಾರತೈತಿ. ಎಷ್ಟು ಹಚ್ಚಬೇಕು ಅನ್ನೋದು ಕೈಗೆ ಗೊತ್ತಿರಬೇಕು, ಮಳಿಗಾಲದ ಥಂಡಿ ಹವಾದಾಗ ಇನ್ನೂ ಎಚ್ಚರ. ಮೊದಲು ನಮ್ಮ ಪ್ರತಿ ಹೊಲದ ಬದುವಿಗೂ ಔಡಲ ಇರತಿತ್ತು, ಮನಿಯಾಗ ಹುರದು ಕುಟ್ಟಿ ನೀರಾಗ ಕುದಿಸಿ ಎಣ್ಣಿ ತೆಗೀತಿದ್ರು. ಈಗ ಗೋವಿನಜೋಳ, ಹತ್ತಿ ಬಂದ ಮ್ಯಾಲೆ ಬದು ಖಾಲಿ. ಅಭ್ಯಾಸದ ಹುಡುಗರು ಅಂಗಡಿಯ ಸಣ್ಣ ಬಾಟ್ಲಿ ತಂದು ಹನಿ ಹನಿ ಲೆಕ್ಕ ಮಾಡಿ ಹಚ್ಚೋದನ್ನ ನೋಡಿದೆ, ಸಮಾಧಾನ ಆಗಲಿಲ್ಲ. ಈ ವರ್ಷ ನಮ್ಮ ಬದುವಿಗೆ ಮತ್ತ ಔಡಲ ಹಾಕೀನಿ. ಜೂನ್ ಕಡೀಕ ಹಾಕಿದ್ದು, ಈಗ ಗೇಣುದ್ದ ಬಂದಾವ. ಕೊಂಡಳಿ ಹುಳದ ಕಾಟ ಇನ್ನೂ ಕಂಡಿಲ್ಲ, ಎಲಿ ತಿರುವಿ ನೋಡ್ತಾ ಇದ್ದೀನಿ.

ನಿಮ್ಮ ಕಡೆ ಮನಿ ಎಣ್ಣಿ ಯಾರಾದ್ರೂ ಇನ್ನೂ ತೆಗಿಯೋರು ಇದ್ರ ಕೆಳಗ ಬರೀರಿ, ರೊಕ್ಕಾ ಕೊಟ್ಟ ತಗೋತೀವಿ. ಬೀಜ ಬೇಕಾದವರಿಗೆ ನನ್ನ ಹತ್ತಿರ ಒಂದು ಸೇರಿನಷ್ಟು ಉಳದೈತಿ, ಸಂತಿ ದಿನ ಬಂದು ಒಯ್ಯಬಹುದು. ಮತ್ತ ಮಲ್ಲಕಂಬದ ತಾರೀಖು ಯಾರಿಗೆ ಮೊದಲ ಗೊತ್ತಾಗತೈತೋ ಅವರು ರಾತ್ರಿ ಹನ್ನೆರಡಾದ್ರೂ ಫೋನ್ ಮಾಡ್ರಿ. ಮೋಟರ್ ಕರೆಂಟಿಗೆ ಹೆಂಗೂ ಎದ್ದಿರತೀನಿ.