ಗ್ರಿಲ್ ನಮ್ಮದು, ಕಣ್ಣು ಅಂಕಲ್‌ದು

ಕಾರಿಗೆ ಮುಖ ಅಂತ ಒಂದಿದ್ರೆ ಅದು ಗ್ರಿಲ್. ಬಾಗಿಲಿನ ಡೆಂಟ್ ಯಾರೂ ನೋಡಲ್ಲ, ಆದ್ರೆ ಗ್ರಿಲ್ ಬೂದಿ ಬಣ್ಣಕ್ಕೆ ತಿರುಗಿದ್ರೆ ಇಡೀ ಕಾರೇ ಮುದುಕಾದ ಹಾಗೆ ಕಾಣುತ್ತೆ. ಮೆಕ್ಯಾನಿಕಲ್ ಸೆಕೆಂಡ್ ಇಯರ್‌ನ ನಾವು ಮೂವರು ಈ ಸಲದ ರಜೆಯಲ್ಲಿ ಒಂದು ಗ್ರಿಲ್ಲನ್ನು ಮನೆಯಲ್ಲೇ ಪೇಂಟ್ ಮಾಡಿದೆವು. ಹೇಗೆ ಮಾಡಿದ್ವಿ ಅನ್ನೋದನ್ನ ಬರೀತಾ ಇದ್ದೀವಿ. ಓದಿ ನೀವೂ ಮಾಡಬಹುದು, ಕಷ್ಟ ಏನಿಲ್ಲ.

ಕಾರು ನಮ್ಮಲ್ಲೊಬ್ಬನ ತಂದೆಯದು. ತುಮಕೂರಿನ ಅವರ ಮನೆ ಮುಂದೆ ನಿಂತಿರುವ 2006ರ ಮಾರುತಿ 800. 1983ರಲ್ಲಿ ರಸ್ತೆಗೆ ಬಂದು 2014ರಲ್ಲಿ ತಯಾರಿಕೆ ನಿಂತ ಮಾಡೆಲ್ ಇದು. ನಮ್ಮ ಈ ಕಾರು ನಮಗಿಂತ ಒಂದು ವರ್ಷಕ್ಕೆ ದೊಡ್ಡದು. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂ ಆಗಬೇಕು. 2021ರಲ್ಲಿ ಒಮ್ಮೆ ಆಯ್ತು, ಈ ವರ್ಷ ಮತ್ತೆ. "ಗುಜರಿಗೆ ಹಾಕೋಣ" ಅಂತ ಆಂಟಿ. ಅಂಕಲ್ ಏನೂ ಹೇಳಲಿಲ್ಲವಂತೆ. ಅವರು ಏನೂ ಹೇಳದೇ ಇದ್ದದ್ದಕ್ಕೇ ಗೆಳೆಯ ನಮ್ಮನ್ನ ಕರೆದದ್ದು.

ಯಾಕಂದ್ರೆ ಅಂಕಲ್ ಪೇಂಟರ್. ಒಂದು ಬಾಡಿ ಶಾಪ್‌ನಲ್ಲಿ 22 ವರ್ಷ ಊರವರ ಕಾರಿಗೆಲ್ಲ ಸ್ಪ್ರೇ ಹೊಡೆದವರು. ಮೂರು ವರ್ಷದ ಹಿಂದೆ ಡಾಕ್ಟರು ದುಮ್ಮು ಅಂದ್ರು, ಪೇಂಟಿನ ವಾಸನೆ ಹತ್ತಿರ ಹೋಗಲೇಬೇಡಿ ಅಂದ್ರು. ಅವತ್ತಿಂದ ಅವರು ಗನ್ ಹಿಡಿದಿಲ್ಲ. ಬೇರೆಯವರ ಸಾವಿರ ಕಾರು ಮಿಂಚಿಸಿದ ಮನುಷ್ಯನ ಸ್ವಂತ ಕಾರಿನ ಗ್ರಿಲ್ ಬಿಸಿಲಿಗೆ ಬೆಳ್ಳಗಾಗಿ ಕೂತಿತ್ತು.

ಮೊದಲ ಚರ್ಚೆ ಬಣ್ಣದ್ದು. ನಮ್ಮಲ್ಲೊಬ್ಬನಿಗೆ ಕೆಂಪು ಬೇಕಿತ್ತು. ಅಂಕಲ್ ಒಂದೇ ಮಾತು ಅಂದ್ರು: "ಕಪ್ಪಿತ್ತು, ಕಪ್ಪೇ ಇರ್ಲಿ." ಹಳೇ ಕಾರನ್ನ ಇನ್‌ಸ್ಪೆಕ್ಷನ್‌ಗೆ ತಗೊಂಡು ಹೋಗುವಾಗ ಅದೇ ಜಾಣತನ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಗ್ರಿಲ್ ಮುಂದೆ ಕಟ್ಟುವ ದಪ್ಪ ಕಬ್ಬಿಣದ ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಿ ಅಂತ 2017ರಲ್ಲೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದಿತ್ತು. ಹಾಗಾಗಿ ಸ್ಯಾಟಿನ್ ಕಪ್ಪು ಬಣ್ಣ, ಹಿಂದೆ ಒಂದು ಅಲ್ಯೂಮಿನಿಯಂ ಜಾಲರಿ, ಅಷ್ಟೇ ನಮ್ಮ ಕಸ್ಟಮೈಸೇಷನ್.

ಜಾಲರಿ ವಿಷಯದಲ್ಲಿ ಮಾತ್ರ ನಮ್ಮ ಓದು ಉಪಯೋಗಕ್ಕೆ ಬಂತು. ಗ್ರಿಲ್ ಇರೋದು ಚಂದಕ್ಕಷ್ಟೇ ಅಲ್ಲ, ರೇಡಿಯೇಟರ್‌ಗೆ ಗಾಳಿ ಹೋಗೋದೇ ಅಲ್ಲಿಂದ. ಅಂಗಡಿಯಲ್ಲಿ ಎರಡು ಥರ ಜಾಲರಿ ಇತ್ತು. 2 ಮಿಲಿಮೀಟರ್ ಅಂತರದಲ್ಲಿ ಅರ್ಧ ಮಿಲಿಮೀಟರ್ ತಂತಿ ಇದ್ದದ್ದರಲ್ಲಿ ಗಾಳಿಗೆ ಸಿಗುವ ಜಾಗ ಶೇಕಡಾ 56. 10 ಮಿಲಿಮೀಟರ್ ಅಂತರದಲ್ಲಿ 1 ಮಿಲಿಮೀಟರ್ ತಂತಿಯದ್ದರಲ್ಲಿ ಶೇಕಡಾ 81. ನಾವು ಫೋನ್‌ನಲ್ಲಿ ಲೆಕ್ಕ ಹಾಕಿ ಎರಡನೆಯದನ್ನ ತಂದೆವು. ಅಂಕಲ್ ಅದರ ಹಿಂದೆ ಅಂಗೈ ಹಿಡಿದು, ಈ ಕಡೆಯಿಂದ ಬಾಯಲ್ಲಿ ಊದಿ, "ಸರಿಯಾಗಿದೆ" ಅಂದ್ರು. ಲೆಕ್ಕ ಬೇಕಾಗಿರಲಿಲ್ಲ ಅವರಿಗೆ.

ಗ್ರಿಲ್ ಬಿಚ್ಚಿ ತಾರಸಿಗೆ ತಗೊಂಡು ಹೋದೆವು. ಅಲ್ಲೊಂದು ಸಣ್ಣ ರೂಮಿದೆ. ಅಂಕಲ್ ಅದರ ಒಳಗೆ ಕೂತು ಕಿಟಕಿಯ ಗಾಜು ಮುಚ್ಚಿಕೊಂಡ್ರು. ನಾವು ಹೊರಗೆ, ಫೋನ್ ಸ್ಪೀಕರ್ ಮೇಲೆ. ಎರಡು ದಿನ ಹೀಗೇ ಕೆಲಸ ನಡೀತು.

ಮೊದಲು ಪಾತ್ರೆ ಸೋಪಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆಯೋದು. ಎಣ್ಣೆ, ಮೇಣ, ಸತ್ತ ಹುಳ ಎಲ್ಲ ಹೋಗಬೇಕು. ಒಣಗಿದ ಮೇಲೆ 400ರ ವಾಟರ್ ಪೇಪರ್, ಆಮೇಲೆ 800ರದ್ದು, ನೀರು ಹಾಕ್ಕೊಂಡು ತಿಕ್ಕೋದು. ಪಟ್ಟಿ ಪಟ್ಟಿಯ ಸಂದಿಯಲ್ಲೂ ತಿಕ್ಕಬೇಕು. ನಯವಾದ ಪ್ಲಾಸ್ಟಿಕ್ ಮೇಲೆ ಬಣ್ಣಕ್ಕೆ ಹಿಡಿತ ಸಿಗಲ್ಲ. ಗ್ರಿಲ್ ಹಿಂದೆ ಎಬಿಎಸ್ ಅಂತ ಅಚ್ಚಿದ್ರೆ ಕೆಲಸ ಸುಲಭ. ಪಿಪಿ, ಅಂದ್ರೆ ಪಾಲಿಪ್ರೊಪಿಲೀನ್ ಅಂತಿದ್ರೆ ಅಡ್‌ಹೆಶನ್ ಪ್ರೊಮೋಟರ್ ಮೊದಲು ಹೊಡೀಬೇಕು, ಇಲ್ಲಾಂದ್ರೆ ಬಣ್ಣ ಸಿಪ್ಪೆಯ ಹಾಗೆ ಏಳುತ್ತೆ. ನಮ್ಮದು ಎಬಿಎಸ್. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟದೆ ಇಟ್ಟೆವು.

ಸ್ಪ್ರೇ ಹೊಡೆಯೋ ಪಾಠವನ್ನ ನಾವು ಇಂಗ್ಲಿಷಿನಲ್ಲಿ ಓದಿದ್ರೆ ಅರ್ಧ ಪುಟ ಆಗ್ತಿತ್ತು. ಅಂಕಲ್ ಗಾಜಿನಾಚೆಯಿಂದ ಹೇಳಿದ್ದು ಇಷ್ಟೇ: "ಮೊದಲನೇ ಕೋಟು ಮಂಜಿನ ಥರ ಬೀಳ್ಬೇಕು. ಕೆಳಗಿನ ಬಣ್ಣ ಕಾಣ್ತಾ ಇದ್ರೂ ನಿಲ್ಲಿಸಿಬಿಡಿ." ಗೇಣಿಗಿಂತ ಸ್ವಲ್ಪ ದೂರ ಕ್ಯಾನ್ ಹಿಡಿದು, ಗ್ರಿಲ್‌ನ ಹೊರಗೆ ಶುರು ಮಾಡಿ ಹೊರಗೇ ನಿಲ್ಲಿಸಬೇಕು, ಮೇಲೆ ನಿಂತು ಬಟನ್ ಒತ್ತಬಾರದು. ಒಂದು ಕೋಟಿಗೂ ಇನ್ನೊಂದಕ್ಕೂ 15 ನಿಮಿಷ. ಪ್ರೈಮರ್ ಎರಡು, ಕಪ್ಪು ಮೂರು, ಕ್ಲಿಯರ್ ಎರಡು. ನಾವು ಹೊಡೀತಿದ್ದ ಹಾಗೆ ಗಾಜಿನ ಹಿಂದೆ ಅವರ ಬಲಗೈ ತಾನಾಗೇ ಎಡದಿಂದ ಬಲಕ್ಕೆ ಹೋಗ್ತಿತ್ತು, ಕೊನೆಯಲ್ಲಿ ಮಣಿಕಟ್ಟು ಸ್ವಲ್ಪ ತಿರುಗ್ತಿತ್ತು. ನಾವು ಆ ಕೈ ನೋಡ್ಕೊಂಡೇ ಹೊಡೆದೆವು.

ಎರಡನೇ ದಿನ ಬೆಳಿಗ್ಗೆ ಮೋಡ ಇತ್ತು. ತೇವದ ಗಾಳಿಯಲ್ಲಿ ಹೊಡೆದ್ರೆ ಬಣ್ಣದ ಮೇಲೆ ಬಿಳಿ ಮಸುಕು ಕೂರುತ್ತೆ ಅಂತ ಬಿಸಿಲು ಬರೋವರೆಗೂ ಕಾಯಿಸಿದ್ರು. ಮೂರು ಗಂಟೆ ಕೂತ್ವಿ. ಆಗಲೇ ಅವರು ಕೆಲಸದ ದಿನಗಳ ಬಗ್ಗೆ ಮಾತಾಡಿದ್ದು. ಶಾಪ್‌ನಲ್ಲಿ ಹೊಡೀತಿದ್ದದ್ದು ಕ್ಯಾನಿನ ಬಣ್ಣ ಅಲ್ಲ, ಹಾರ್ಡ್‌ನರ್ ಬೆರೆಸುವ ಬಣ್ಣ. ಅದರ ಹಾರ್ಡ್‌ನರ್‌ನಲ್ಲಿ ಸಾಮಾನ್ಯವಾಗಿ ಐಸೋಸೈನೇಟ್ ಇರುತ್ತೆ, ಅದರಿಂದ ಪೇಂಟರ್‌ಗಳಿಗೆ ದುಮ್ಮು ಬರಬಹುದು ಅನ್ನೋದು ವೈದ್ಯಕೀಯದಲ್ಲಿ ಚೆನ್ನಾಗಿ ಗೊತ್ತಿರುವ ವಿಷಯ. ಒಮ್ಮೆ ದೇಹಕ್ಕೆ ಅದು ಆಗಿಬರದೆ ಹೋದರೆ ಆಮೇಲೆ ಸ್ವಲ್ಪವೇ ಸಾಕು, ಉಸಿರು ಕಟ್ಟುತ್ತೆ. "ನಿಮಗೆ ಮಾಸ್ಕ್ ಕೊಡ್ತಿರ್ಲಿಲ್ವಾ ಅಂಕಲ್?" ಅಂತ ಕೇಳಿದ್ವಿ. "ಕರ್ಚೀಫ್ ಇತ್ತಲ್ಲ" ಅಂದ್ರು. ನಗಲಿಲ್ಲ.

ನಮ್ಮ ಪಟ್ಟಿಯಲ್ಲಿ ಅವರು ಮೊದಲು ಬರೆಸಿದ್ದೂ ಮಾಸ್ಕೇ. ಎನ್95 ತಗೊಂಡು ಬರಬೇಡಿ, ಅದು ಧೂಳಿಗೆ, ಆವಿಗಲ್ಲ ಅಂತ ಮೊದಲೇ ಹೇಳಿದ್ರು. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಮೂರು ತಂದೆವು. ಮೂರರ ಬೆಲೆ ಪ್ರೈಮರ್, ಕಪ್ಪು, ಕ್ಲಿಯರ್, ವಾಟರ್ ಪೇಪರ್, ಜಾಲರಿ ಎಲ್ಲಾ ಸೇರಿದ್ದಕ್ಕಿಂತ ಜಾಸ್ತಿ ಆಯ್ತು. ಅಂಗಡಿಯವನು "ಒಂದು ಗ್ರಿಲ್‌ಗೆ ಇಷ್ಟೆಲ್ಲಾ ಯಾಕ್ರೋ" ಅಂದ. ತಾರಸಿಯ ಮೇಲೆ ಎರಡು ದಿನದ ಕೆಲಸಕ್ಕೆ ಯಾಕೆ ಅನ್ನೋದು ಸರಿಯಾದ ಪ್ರಶ್ನೆಯೇ. 22 ವರ್ಷಕ್ಕೆ ಯಾಕೆ ಬೇಡವಾಗಿತ್ತು ಅನ್ನೋದನ್ನೂ ಯಾರಾದ್ರೂ ಕೇಳಬೇಕಿತ್ತು.

ಒಂದು ವಾರ ಒಣಗಿಸಿ, ವಾಸನೆ ಪೂರ್ತಿ ಹೋದ ಮೇಲೆ ಗ್ರಿಲ್ಲನ್ನ ಅಂಕಲ್ ಕೈಗೆ ಕೊಟ್ಟೆವು. ಅವರು ಅದನ್ನ ಬೆಳಕಿಗೆ ಓರೆ ಹಿಡಿದು, ಪ್ರತಿ ಪಟ್ಟಿಯ ಮೇಲೂ ಹೆಬ್ಬೆರಳು ಓಡಿಸಿದ್ರು. ಸ್ಕ್ರೂಗಳನ್ನ ತಾವೇ ಹಾಕಿದ್ರು. ರಿನ್ಯೂವಲ್‌ಗೆ ಅರ್ಜಿ ಹಾಕಿದ್ದಾರೆ. ಗುಜರಿ ಮಾತು ಸದ್ಯಕ್ಕೆ ಆ ಮನೆಯಲ್ಲಿಲ್ಲ.

ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಕೆಲವರು ಯಾವುದೋ ಶಾಪ್ ಫ್ಲೋರ್‌ನಲ್ಲಿ ಟ್ರೈನೀ ಆಗಿರ್ತೀವಿ. ಖರ್ಚು ಎಲ್ಲಿ ಕಡಿಮೆ ಮಾಡಬಹುದು ಅಂತ ಯಾರೋ ಒಂದು ಲಿಸ್ಟ್ ಮುಂದಿಡ್ತಾರೆ. ಅದರಲ್ಲಿ ಕಾರ್ಟ್ರಿಜ್ ಅನ್ನೋ ಸಾಲು ಇದ್ರೆ, ಅದನ್ನ ಹೊಡೆದುಹಾಕೋಕೆ ನಾವು ಬಿಡಲ್ಲ.